ಚೆಕ್ ಡೈವ್ ಕಡ್ಡಾಯ ಮಾಡಬೇಕಾ? ಬಯಲುಸೀಮೆಯಿಂದ ಸಮುದ್ರಕ್ಕಿಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನನ್ನದು ಮೋಟರ್ ರೀವೈಂಡಿಂಗ್ ಅಂಗಡಿ. ವರ್ಷಕ್ಕೆ ಒಂದೆರಡು ಸಲ ಬಾಗಿಲು ಹಾಕಿಕೊಂಡು ಸ್ಕೂಬಾ ಡೈವಿಂಗ್‌ಗೆ ಹೋಗ್ತೀನಿ ಅಂತ ಗೊತ್ತಾದ ಮೇಲೆ, ಸುಟ್ಟ ಮೋಟರ್ ತಂದವರೂ ಅದನ್ನು ಕೆಳಗಿಡುವ ಮುಂಚೆ ಸಮುದ್ರದ ಮಾತು ಎತ್ತುತ್ತಾರೆ. ಗುಬ್ಬಿ, ಸಿರಾ, ಚಿಕ್ಕಬಳ್ಳಾಪುರದ ಕಡೆಯಿಂದ ಫೋನೂ ಬರುತ್ತವೆ. ಈಚೆಗೆ ಜಾಸ್ತಿ ಬಿಸಿಯಾಗುತ್ತಿರುವುದು ಚೆಕ್ ಡೈವ್ ವಿಚಾರ: ಡೈವಿಂಗ್ ಕೋರ್ಸ್ ಮುಗಿಸಿದ ಕಾರ್ಡ್ ಇರುವ ಗಿರಾಕಿಯನ್ನೂ ಡೈವ್ ಆಪರೇಟರ್‌ಗಳು ಮತ್ತೆ ನೋಡಬೇಕಾ, ಬೇಡವಾ? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಾನು ಇನ್‌ಸ್ಟ್ರಕ್ಟರ್ ಅಲ್ಲ, ದುಡ್ಡು ಕೊಟ್ಟು ಮುಳುಗುವ ಗಿರಾಕಿ. ಹಾಗಾಗಿ ಗಿರಾಕಿ ಕಡೆಯ ಮಾತು ಸ್ವಲ್ಪ ಜಾಸ್ತಿಯೇ ಇರುತ್ತದೆ.

## ಮೊದಲ ಸಲ ಕೇಳುವವರು

"ಚೆಕ್ ಡೈವ್ ಅಂದ್ರೆ ಏನಣ್ಣ? ಮತ್ತೆ ಪರೀಕ್ಷೆ ಬರೀಬೇಕಾ?"

ಬರೆಯೋದೇನಿಲ್ಲ. ಪ್ರವಾಸದ ಮೊದಲನೇ ಡೈವನ್ನು ಆಳವಿಲ್ಲದ, ಸೆಳೆತವಿಲ್ಲದ ಜಾಗದಲ್ಲಿ, ಗೈಡ್ ಕಣ್ಣೆದುರು ಮಾಡುವುದೇ ಚೆಕ್ ಡೈವ್. ಮುಳುಗೋಕೆ ಅಂತ ಸೊಂಟಕ್ಕೆ ಕಟ್ಟಿದ ಸೀಸದ ತೂಕ ಸರಿಯಿದೆಯಾ, ಮಾಸ್ಕಿಗೆ ನೀರು ಬಂದರೆ ಹೊರಹಾಕುತ್ತೀರಾ, ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದರೆ ಹುಡುಕಿ ಮತ್ತೆ ಕಚ್ಚಿಕೊಳ್ಳುತ್ತೀರಾ, ಜೊತೆಯವನ ಗಾಳಿ ಮುಗಿದರೆ ನಿಮ್ಮ ಹೆಚ್ಚುವರಿ ರೆಗ್ಯುಲೇಟರ್ ಕೊಡುತ್ತೀರಾ, ಮೇಲೂ ಹೋಗದೆ ಕೆಳಗೂ ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುತ್ತೀರಾ, ಇಷ್ಟನ್ನು ನೋಡುತ್ತಾರೆ. ಹದಿನೈದು ನಿಮಿಷದ ಕೆಲಸ. ಉಳಿದ ಹೊತ್ತು ಅಲ್ಲೇ ಮೀನು ನೋಡಿಕೊಂಡು ಬರಬಹುದು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಬೋರ್‌ವೆಲ್‌ಗೆ ಮೋಟರ್ ಬಿಡುವ ಮುಂಚೆ ತೊಟ್ಟಿಯಲ್ಲಿಟ್ಟು ಓಡಿಸಿ ನೋಡುತ್ತೀವಿ. ರೀವೈಂಡಿಂಗ್ ಮಾಡಿದವನು ನಾನೇ ಆದರೂ ನೋಡುತ್ತೀನಿ. ಒಂಬೈನೂರು ಅಡಿ ಕೆಳಗೆ ಹೋದ ಮೇಲೆ ಕೈಕೊಟ್ಟರೆ ಮೇಲೆತ್ತೋಕೆ ಒಂದು ಲಾರಿ, ನಾಲ್ಕು ಜನ, ಒಂದು ದಿನ ಬೇಕು.

"ನಂಗೆ ಕಾರ್ಡೂ ಇಲ್ಲ, ಏನೂ ಇಲ್ಲ. ಮುರುಡೇಶ್ವರಕ್ಕೆ ಹೋಗಿ ಒಂದ್ಸಲ ಮುಳುಗಿ ಬರೋದಷ್ಟೆ. ನಂಗೂ ಚೆಕ್ ಡೈವ್ ಇದೆಯಾ?"

ಇಲ್ಲ. ನಿಮ್ಮದು ಪರಿಚಯದ ಡೈವ್. ಅದಕ್ಕೆ 12 ಮೀಟರ್ ಮಿತಿ, ಇನ್‌ಸ್ಟ್ರಕ್ಟರ್ ಪೂರ್ತಿ ಹೊತ್ತು ಪಕ್ಕದಲ್ಲೇ ಇರಬೇಕು. ಆದರೆ ಆಳಕ್ಕೆ ಹೋಗುವ ಮುಂಚೆ ಕೈಗೆಟಕುವ ನೀರಿನಲ್ಲಿ ಉಸಿರಾಟ, ಮಾಸ್ಕ್, ಕಿವಿಯ ಒತ್ತಡ ಸರಿಮಾಡಿಕೊಳ್ಳೋದು, ಕೈಸನ್ನೆ, ಇವನ್ನು ಅಭ್ಯಾಸ ಮಾಡಿಸಲೇಬೇಕು. ದೋಣಿಯಲ್ಲಿ ಐದು ನಿಮಿಷ ಮಾತಾಡಿ ನೇರ ಕೆಳಗಿಳಿಸುವುದಾದರೆ, "ಮೊದಲು ಇಲ್ಲೇ ಸ್ವಲ್ಪ ಅಭ್ಯಾಸ ಮಾಡ್ಸಿ ಸಾರ್" ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ.

ಮುಖ್ಯವಾದ ಒಂದು ಸನ್ನೆ: ಹೆಬ್ಬೆರಳು ಮೇಲೆತ್ತಿದರೆ ನೀರಿನೊಳಗೆ "ಸೂಪರ್" ಅಂತ ಅರ್ಥವಲ್ಲ, "ಮೇಲೆ ಹೋಗೋಣ" ಅಂತ. ಕ್ಯಾಮೆರಾ ಎದುರು ಖುಷಿಯಿಂದ ಹೆಬ್ಬೆರಳು ತೋರಿಸಿ, ಎಂಟೇ ನಿಮಿಷಕ್ಕೆ ದೋಣಿ ಸೇರಿದವನನ್ನು ನಾನೇ ನೋಡಿದ್ದೀನಿ. ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ.

"ಬಾವಿಲೇ ಬೆಳೆದವನು ನಾನು, ಈಜು ಚೆನ್ನಾಗಿ ಬರುತ್ತೆ. ಅದು ಸಾಲ್ದಾ?"

ನಾನೂ ಬಾವಿಯಲ್ಲೇ ಕಲಿತವನು. ತುರುವೇಕೆರೆ ಹತ್ತಿರ ಸೋದರಮಾವನ ತೆಂಗಿನ ತೋಟದ ಬಾವಿ, ಬೆನ್ನಿಗೆ ಒಣಗಿದ ಸೋರೆಬುರುಡೆ. ಬೇಸಿಗೆ ರಜೆಗೆ ಬೆಂಗಳೂರಿಂದ ಬಂದ ಹುಡುಗರು "ಈಜು ಬರುತ್ತೆ ಮಾಮ" ಅಂದರೆ ಅವರು ಇಲ್ಲ ಅಂತಿರಲಿಲ್ಲ. "ಮೆಟ್ಲತ್ರ ಒಂದು ಸುತ್ತು ಹೊಡಿ ನೋಡಾನ, ಆಮೇಲೆ ಮೇಲಿಂದ ಧುಮುಕುವಂತೆ" ಅನ್ನೋರು. ಒಂದೇ ಸುತ್ತಿಗೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಮತ್ತೆ ಬುರುಡೆ ಕಟ್ಟಿಸಿಕೊಂಡ ಸಿಟಿ ಹುಡುಗರು ಎಷ್ಟೋ ಜನ.

ಈಜು ಬರುವುದು ಒಳ್ಳೆಯದೇ, ಗಾಬರಿ ಕಡಿಮೆಯಾಗುತ್ತದೆ. ಆದರೆ ಅದರ ಜೊತೆ ಒಂದು ಕೆಟ್ಟ ಅಭ್ಯಾಸವೂ ಬಂದಿರುತ್ತದೆ. ಬಾವಿಯಲ್ಲಿ ಮುಳುಗುವಾಗ ಉಸಿರು ಕಟ್ಟುತ್ತೀವಿ. ಸ್ಕೂಬಾದಲ್ಲಿ ಉಸಿರು ಕಟ್ಟಿದರೆ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಿರುತ್ತದೆ. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ, ಉಸಿರು ಬಿಡದೆ ಮೇಲೆ ಬಂದರೆ, ಎರಡರಷ್ಟು ಜಾಗ ಕೇಳುತ್ತದೆ. ಶ್ವಾಸಕೋಶ ಹರಿಯುತ್ತದೆ. ಒಂದೆರಡು ಮೀಟರ್ ಏರಿದರೂ ಇದು ಆಗಬಹುದು. ಬಾವಿಯ ಈಜುಗಾರ ಸಿಲಿಂಡರ್ ಹೊತ್ತಾಗ ಕೈ ಬಡಿಯುತ್ತಾನಾ, ಉಸಿರು ಕಟ್ಟುತ್ತಾನಾ ಅನ್ನೋದು ದಡದಲ್ಲಿ ಮಾತಾಡಿಸಿದರೆ ತಿಳಿಯುವುದಿಲ್ಲ, ನೀರಲ್ಲೇ ನೋಡಬೇಕು.

"ಕಾರ್ಡಿಗೆ ಎಕ್ಸ್‌ಪೈರಿ ಇಲ್ಲ ಅಂತಾರೆ. ಮತ್ತೆ ಇನ್ನೊಂದ್ಸಲ ಏನು ನೋಡೋದು?"

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೂ ಎಕ್ಸ್‌ಪೈರಿ ಇಲ್ಲ. ಈಗ ಕೂರಿಸಿ ಒಂದು ರೇಖಾಗಣಿತದ ಪ್ರಮೇಯ ಬರೆಸಿದರೆ ಬರೆಯುತ್ತೀರಾ?

ಕೋರ್ಸ್ ನಡೆಸಿ ಕಾರ್ಡ್ ಕೊಡುವ ಸಂಸ್ಥೆ ಪ್ಯಾಡಿ ಇರಲಿ, ಎಸ್‌ಎಸ್‌ಐ ಇರಲಿ, ಓಪನ್ ವಾಟರ್ ಕಾರ್ಡ್ ಹೇಳುವುದು ಇಷ್ಟೇ: ಈ ವ್ಯಕ್ತಿ ಇಂಥ ದಿನ ಕೋರ್ಸ್ ಮುಗಿಸಿದ, ಜೊತೆಗಾರನೊಬ್ಬನ ಸಂಗಡ 18 ಮೀಟರ್‌ವರೆಗೆ ಹೋಗಬಹುದು. ಪ್ಯಾಡಿ ಕೋರ್ಸಿನಲ್ಲಿ ಸಮುದ್ರದ ಡೈವ್ ಬರೀ ನಾಲ್ಕು. ಕರಾವಳಿಯವನು ಕೋರ್ಸ್ ಮುಗಿಸಿ ಮುಂದಿನ ಭಾನುವಾರ ಮತ್ತೆ ಇಳಿಯಬಹುದು. ನಾವು? ಸಮುದ್ರ ನಾನೂರು ಕಿಲೋಮೀಟರ್ ಆಚೆ. ಮಳೆಗಾಲದ ನಾಲ್ಕು ತಿಂಗಳು ಮುರುಡೇಶ್ವರದ ಕಡೆಯ ನೇತ್ರಾಣಿ ದ್ವೀಪಕ್ಕೆ ದೋಣಿಯೇ ಹೋಗುವುದಿಲ್ಲ. ಉಳಿದ ಎಂಟು ತಿಂಗಳಲ್ಲಿ ಮದುವೆ, ತೋಟ, ಮಕ್ಕಳ ಪರೀಕ್ಷೆ. ಎರಡು ಡೈವ್ ಮಧ್ಯೆ ಒಂದೂವರೆ ವರ್ಷ ಹೋಗಿದ್ದೇ ಗೊತ್ತಾಗುವುದಿಲ್ಲ.

ಸಿರಾ ಕಡೆಯವರೊಬ್ಬರು ಗಲ್ಫಿನಲ್ಲಿದ್ದಾಗ ಕೋರ್ಸ್ ಮಾಡಿದ್ದರು. ಹನ್ನೊಂದು ವರ್ಷ ಆದ ಮೇಲೆ ನನ್ನ ಜೊತೆ ಬಂದರು. ಬಾಯಲ್ಲಿ ಎಲ್ಲ ಸರಿಯಾಗಿ ಹೇಳಿದರು. ಯಾವ ಗುಂಡಿ ಒತ್ತಿದರೆ ತೇಲೋದು ಮುಳುಗೋದು ಹೊಂದಿಸುವ ಜಾಕೆಟ್ಟಿಗೆ ಗಾಳಿ, ಯಾವುದು ಒತ್ತಿದರೆ ಖಾಲಿ, ಅದೂ ನೆನಪಿತ್ತು. ಮೂರು ಮೀಟರ್ ನೀರಲ್ಲಿ ಗೈಡ್ ಮಾಸ್ಕಿಗೆ ಅರ್ಧ ನೀರು ಬಿಟ್ಟುಕೊಳ್ಳಿ ಅಂತ ಸನ್ನೆ ಮಾಡಿದ. ಇವರು ಬಿಟ್ಟುಕೊಂಡರು, ಮೂಗಲ್ಲಿ ಉಸಿರೆಳೆದುಬಿಟ್ಟರು. ಕಣ್ಣು ಇಷ್ಟಗಲ. ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಾ ಮೇಲಕ್ಕೆ ಹಾರಿದರು. ಗೈಡ್ ಅವರ ಜಾಕೆಟ್ ಹಿಡಿದೇ ಜೊತೆಗೆ ಬಂದ. ಕೆಮ್ಮಿದರು, ಬೈದರು, ಹತ್ತು ನಿಮಿಷ ಸುಧಾರಿಸಿಕೊಂಡರು. ಮೂರನೇ ಪ್ರಯತ್ನಕ್ಕೆ ನೆಟ್ಟಗೆ ಮಾಡಿದರು. ಇದೇ 16 ಮೀಟರಲ್ಲಿ ಆಗಿದ್ದರೆ ನಾನು ಅವರ ಮನೆಗೆ ಫೋನ್ ಮಾಡಬೇಕಾಗಿ ಬರುತ್ತಿತ್ತೋ ಏನೋ.

## ದುಡ್ಡು, ದಿನ, ಮರ್ಯಾದೆ

"ಇದು ದುಡ್ಡು ಕೀಳೋ ದಂಧೆ ಅಲ್ವಾ ಸಾರ್?"

ಕೆಲವು ಕಡೆ ಹೌದು. ಒಳ್ಳೆಯ ಕೆಲಸಕ್ಕೆ ಕೆಟ್ಟ ಬಿಲ್ ಹಾಕೋದು ನಮ್ಮ ಲೈನಲ್ಲೂ ಇದೆ.

ನಾನು ಹೀಗೆ ನೋಡುತ್ತೀನಿ. ಚೆಕ್ ಡೈವ್ ನೀವು ದುಡ್ಡು ಕೊಟ್ಟ ಡೈವ್‌ಗಳಲ್ಲೇ ಒಂದಾಗಿರಬೇಕು. ಸುಲಭದ ಜಾಗ, ಆದರೆ ನೋಡುವಂಥ ಜಾಗ. ಮೊದಲು ಕಾಲು ಗಂಟೆ ಕಸರತ್ತು, ಆಮೇಲೆ ಸುತ್ತಾಟ. ಅದಕ್ಕೆ ಬೇರೆ ಶುಲ್ಕ ಹಾಕಿ, ಬಂದರಿನ ಪಕ್ಕದ ಕೆಸರು ನೀರಲ್ಲಿ ಮೊಣಕಾಲೂರಿಸಿ ಹತ್ತು ನಿಮಿಷಕ್ಕೆ ಮೇಲೆ ಕರೆದುಕೊಂಡು ಬಂದರೆ ಅದು ದಂಧೆ. ಎಲ್ಲರನ್ನೂ ಒಟ್ಟಿಗೆ ಇಳಿಸಿ, ಗೈಡ್ ಮುಂದೆ ಹೋಗಿ, ಹಿಂದೆ ತಿರುಗಿಯೂ ನೋಡದೆ "ಚೆಕ್ ಆಯ್ತು" ಅಂದರೆ ಅದೂ ದಂಧೆಯೇ, ಬಿಲ್ ಕಡಿಮೆ ಅಷ್ಟೆ.

ರಿಫ್ರೆಶರ್ ಬೇರೆ. ಮರೆತದ್ದನ್ನು ಇನ್‌ಸ್ಟ್ರಕ್ಟರ್ ಕೂತು ಮತ್ತೆ ಕಲಿಸುತ್ತಾನೆ. ಅದು ಪಾಠ, ಅದಕ್ಕೆ ದುಡ್ಡು ಕೇಳಿದರೆ ಕೊಡಿ.

"ನಾನೂರು ಕಿಲೋಮೀಟರ್ ಹೋಗೋದೇ ಎರಡು ಡೈವ್‌ಗೆ. ಅದ್ರಲ್ಲಿ ಒಂದು ಚೆಕ್‌ಗೆ ಹೋದ್ರೆ ಉಳಿಯೋದೇನು?"

ಈ ಸಂಕಟ ನನಗೂ ಅರ್ಥವಾಗುತ್ತದೆ. ನಮ್ಮೂರಿನ ಬಿ.ಎಚ್. ರಸ್ತೆಯ 'ಎಚ್' ಹೊನ್ನಾವರ ಅಂತ ಎಷ್ಟೋ ಜನಕ್ಕೆ ನೆನಪೇ ಇಲ್ಲ. ಅದೇ ದಾರಿ ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಘಾಟಿ ಇಳಿದು ಹೋದರೆ ಒಂದು ರಾತ್ರಿ ಪೂರ್ತಿ ಬೇಕು. ಬೆಳಗ್ಗೆ ಇಡ್ಲಿ ತಿಂದು ದೋಣಿ ಹತ್ತುತ್ತೀವಿ. ನಿದ್ದೆ ಇಲ್ಲ, ನೀರು ಸರಿಯಾಗಿ ಕುಡಿದಿಲ್ಲ, ಅಲೆಗೆ ಹೊಟ್ಟೆ ತೊಳಸುತ್ತಿರುತ್ತದೆ. ಇಂಥ ಸ್ಥಿತಿಯಲ್ಲಿರುವವನನ್ನು ನೇರ 18 ಮೀಟರಿಗೆ ಕರೆದೊಯ್ಯೋಕೆ ನಾನು ಗೈಡ್ ಆಗಿದ್ದರೂ ಒಪ್ಪುತ್ತಿರಲಿಲ್ಲ.

ಇನ್ನು ಆಳ ಕಡಿಮೆಯಾದರೆ ನಷ್ಟ ಅನ್ನೋದೇ ತಪ್ಪು ಲೆಕ್ಕ. ಕೆಂಪು ಬಣ್ಣ ಐದು ಹತ್ತು ಮೀಟರಿನೊಳಗೇ ಮಾಯವಾಗಲು ಶುರುವಾಗುತ್ತದೆ. ಮೇಲಿನ ನೀರಲ್ಲಿ ಬೆಳಕಿದೆ, ಬಣ್ಣ ಇದೆ, ಬಂಡೆ ಸಂದಿಗಳಲ್ಲಿ ಚಿಟ್ಟೆಮೀನು, ಗಿಳಿಮೀನು ಇವೆ. ಗಾಳಿಯೂ ಬಾಳಿಕೆ ಬರುತ್ತದೆ: ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 20 ಮೀಟರಲ್ಲಿ 60 ಲೀಟರ್ ಎಳೆಯುತ್ತಾನೆ, 5 ಮೀಟರಲ್ಲಾದರೆ 30. ನೇತ್ರಾಣಿಯಲ್ಲಿ ನನಗೆ ಅತಿ ಇಷ್ಟವಾದ ಡೈವ್ ಎಂಟು ಮೀಟರಿನದು.

ಡೈವ್ ಉಳಿಸಲೇಬೇಕು ಅಂತಿದ್ದರೆ ಒಂದು ದಾರಿ ಇದೆ. ಹೊರಡುವ ವಾರ ಬೆಂಗಳೂರಿನಲ್ಲಿ ಈಜುಕೊಳದ ರಿಫ್ರೆಶರ್ ಮಾಡಿ, ಡೈವ್ ಲೆಕ್ಕ ಬರೆದಿಡುವ ಲಾಗ್‌ಬುಕ್‌ನಲ್ಲಿ ಬರೆಸಿಕೊಂಡು ಹೋಗಿ. ಆಗ ಆಪರೇಟರ್ ಕಸರತ್ತು ಕಡಿಮೆ ಮಾಡಿಸಬಹುದು. ತೂಕ ಮಾತ್ರ ಸಮುದ್ರದಲ್ಲೇ ನೋಡಬೇಕು, ಯಾಕೆ ಅಂತ ಮುಂದೆ ಬರುತ್ತದೆ.

"ಅರವತ್ತು ಎಪ್ಪತ್ತು ಡೈವ್ ಆದವರನ್ನೂ ನಾಲ್ಕು ಮೀಟರಲ್ಲಿ ಕೂರಿಸ್ತಾರಲ್ಲ. ಅವಮಾನ ಅಲ್ವಾ?"

ನನಗೂ ಹಾಗೇ ಅನ್ನಿಸಿತ್ತು. ಲಾಗ್‌ಬುಕ್‌ನಲ್ಲಿ ಅರವತ್ತೆರಡು ಡೈವ್, ಮಧ್ಯೆ ಹದಿನಾಲ್ಕು ತಿಂಗಳ ಅಂತರ. ಆ ಅಂತರದಲ್ಲಿ ಒಂದು ಸಲ ಮಾತ್ರ ಈಜುಕೊಳದಲ್ಲಿ ಸಿಲಿಂಡರ್ ಹಾಕಿದ್ದೆ. ಗೈಡ್ ನನ್ನ ಮಗನ ವಯಸ್ಸಿನವನು. "ಸಾರ್, ಮೊದಲು ಇಲ್ಲೇ ಒಂದು ಚೆಕ್ ಮಾಡುವ ಅಲ್ಲಾ?" ಅಂದ. ನಾನು ಲಾಗ್‌ಬುಕ್ ತೆಗೆದು ತೋರಿಸಿದೆ. ತೂಕ ಎಷ್ಟು ಅಂದ. ನಾಲ್ಕು ಕೆ.ಜಿ. ಅಂದೆ. ಅವನು ಒಂದು ಕ್ಷಣ ನನ್ನ ಹೊಟ್ಟೆ ನೋಡಿದ, ಮೈಗೆ ಅಂಟುವ ರಬ್ಬರಿನ ವೆಟ್‌ಸೂಟ್ ನೋಡಿದ, ಸುಮ್ಮನಾದ.

ಇಳಿಯುವಾಗಲೇ ಕಷ್ಟವಾಯಿತು. ತಲೆ ಕೆಳಗೆ ಮಾಡಿ ಕಾಲು ಬಡಿದು ಹೇಗೋ ಹೋದೆ. 14 ಮೀಟರಲ್ಲಿ ಎಲ್ಲ ಸರಿಹೋಯಿತು, ನೋಡಿದೆಯಾ ಅಂದುಕೊಂಡೆ. ಮೂವತ್ತೈದು ನಿಮಿಷ ಆಯಿತು, ಗಾಳಿಯ ಮೀಟರ್ 60 ಬಾರ್ ತೋರಿಸಿತು (ಬಾರ್ ಅಂದರೆ ಒತ್ತಡದ ಅಳತೆ, ತುಂಬಿದ ಸಿಲಿಂಡರಿನಲ್ಲಿ 200), ಮೇಲೆ ಬಂದು, ಮೈಯೊಳಗೆ ಕರಗಿದ ನೈಟ್ರೋಜನ್ ಹೊರಹೋಗಲಿ ಅಂತ, 5 ಮೀಟರಲ್ಲಿ ಮೂರು ನಿಮಿಷ ನಿಲ್ಲಬೇಕು. ನಿಲ್ಲೋಕೆ ಆಗಲಿಲ್ಲ. ಮೊದಲು ಕಾಲು ಮೇಲೆದ್ದವು. ಜಾಕೆಟ್ಟಿನ ಗುಂಡಿ ಒತ್ತಿದೆ, ಅದರಲ್ಲಿ ಬಿಡೋಕೆ ಗಾಳಿಯೇ ಇರಲಿಲ್ಲ. ಉಸಿರು ಪೂರ್ತಿ ಬಿಟ್ಟೆ. ಆದರೂ ದೋಣಿಯ ತಳ ಹತ್ತಿರ ಬರುತ್ತಲೇ ಇತ್ತು. ಅಷ್ಟರಲ್ಲಿ ಯಾರೋ ಕಾಲಿನ ಈಜುರೆಕ್ಕೆ (ಫಿನ್) ಹಿಡಿದು ಎಳೆದರು. ಆ ಹುಡುಗ ತನ್ನ ಜೇಬಿಂದ ಎರಡು ಕೆ.ಜಿ.ಯ ಸೀಸ ತೆಗೆದು ನನ್ನ ಜೇಬಿಗೆ ತುರುಕಿದ. ಗೊತ್ತಿದ್ದೇ ತಂದಿದ್ದ. ಮೂರು ನಿಮಿಷ ಅವನ ಎದುರು ಅಲುಗಾಡದೆ ನಿಂತೆ.

ದೋಣಿ ಮೇಲೆ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದು ಅಂದ: "ಬರಕೊಳ್ಳಿ ಸಾರ್. ಆರು." ಅವಮಾನ ಯಾವುದು ಅನ್ನೋದನ್ನು ಆಮೇಲೆ ಯಾರೂ ನನಗೆ ಹೇಳಿಕೊಡಬೇಕಾಗಿ ಬರಲಿಲ್ಲ.

## ನೀರಿನೊಳಗಿನ ಲೆಕ್ಕ

"ಕಳೆದ ಸಲ ಹಾಕಿದ ತೂಕವನ್ನೇ ಹೇಳಿದ್ರೆ ಸಾಕಲ್ವಾ? ಪ್ರತಿ ಸಲ ಏನು ತೂಗೋದು?"

ಸಾಲದು. ನಾನು ಹೇಳಿದ ನಾಲ್ಕು ಕೆ.ಜಿ. ಸುಳ್ಳಾಗಿರಲಿಲ್ಲ. ಈಜುಕೊಳಕ್ಕೆ ಅದು ಸರಿಯಾಗಿಯೇ ಇತ್ತು.

ಉಪ್ಪುನೀರು ಸಿಹಿನೀರಿಗಿಂತ ಸುಮಾರು 2.5 ಪರ್ಸೆಂಟ್ ಭಾರ. ನೀವು, ನಿಮ್ಮ ಸಿಲಿಂಡರ್, ಸೂಟು, ಜಾಕೆಟ್ ಎಲ್ಲ ಸೇರಿ 100 ಕೆ.ಜಿ. ಇದ್ದು ಕೊಳದಲ್ಲಿ ಸರಿಯಾಗಿ ತೂಗುತ್ತಿದ್ದರೆ, ಸಮುದ್ರದಲ್ಲಿ ಎರಡೂವರೆ ಕೆ.ಜಿ. ಜಾಸ್ತಿ ಬೇಕು. ಇನ್ನು ಸಿಲಿಂಡರ್. ನಮ್ಮಲ್ಲಿ ಬಾಡಿಗೆಗೆ ಸಿಗೋದು ಹೆಚ್ಚಾಗಿ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್ ತುಂಬಿದರೆ ಅದರೊಳಗೆ 2,200 ಲೀಟರ್ ಗಾಳಿ. ಗಾಳಿಗೆಂಥ ತೂಕ ಅಂತೀರಿ, ಲೀಟರಿಗೆ 1.2 ಗ್ರಾಂ. ಗುಣಿಸಿ ನೋಡಿ, ಎರಡೂವರೆ ಕೆ.ಜಿ. ದಾಟುತ್ತದೆ. ಡೈವ್ ಮುಗಿಯುವ ಹೊತ್ತಿಗೆ, 50 ಬಾರ್ ಉಳಿದಾಗ, ಸುಮಾರು ಎರಡು ಕೆ.ಜಿ. ಉಸಿರಾಡಿ ಬಿಟ್ಟಿರುತ್ತೀರಿ. ಇಳಿಯುವಾಗ ಅಷ್ಟಕ್ಕಷ್ಟೇ ಇದ್ದವನು, ನಿಲ್ಲಲೇಬೇಕಾದ ಹೊತ್ತಿಗೆ ಬೆಂಡಿನ ಹಾಗೆ ತೇಲುತ್ತಾನೆ. ಇದಕ್ಕೆ ವೆಟ್‌ಸೂಟ್ ಸೇರಿಸಿ: 3 ಮಿಲಿಮೀಟರಿನದು ಒಂದು ಲೆಕ್ಕ, 5 ಮಿಲಿಮೀಟರಿನದು ಇನ್ನೊಂದು, ಹೊಸದು ಹಳೆಯದಕ್ಕಿಂತ ಜಾಸ್ತಿ ತೇಲುತ್ತದೆ. ಸ್ಟೀಲ್ ಸಿಲಿಂಡರ್ ಕೊಟ್ಟರೆ ಇಡೀ ಲೆಕ್ಕ ಮತ್ತೆ ಉಲ್ಟಾ. ನಿಮ್ಮ ಮೈತೂಕ ಕಳೆದ ವರ್ಷದ್ದೇನಾ ಅಂತ ನಾನು ಕೇಳುವುದಿಲ್ಲ.

ನೋಡುವ ವಿಧಾನ ಸುಲಭ. ಎಲ್ಲ ಹಾಕಿಕೊಂಡು, ಜಾಕೆಟ್ ಖಾಲಿ ಮಾಡಿ, ಮಾಮೂಲಿ ಉಸಿರಿಟ್ಟು, ನೆಟ್ಟಗೆ ಅಲುಗದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಸಿಲಿಂಡರ್ ತುಂಬಿರುವಾಗ ನೋಡಿದರೆ ಆಮೇಲೆ ಎರಡು ಕೆ.ಜಿ. ಸೇರಿಸಬೇಕು. ಡೈವ್ ಕೊನೆಗೆ 50 ಬಾರ್ ಇರುವಾಗಲೇ ನೋಡಿದರೆ ಇನ್ನೂ ಸರಿ. ತೂಕ ಜಾಸ್ತಿಯಾಗುವುದೂ ಕೆಟ್ಟದ್ದೇ. ಹತ್ತು ಕೆ.ಜಿ. ಕಟ್ಟಿಕೊಂಡು ಹವಳದ ಮೇಲೆ ಉಳುಮೆ ಮಾಡಿಕೊಂಡು ಹೋಗುವವರಿದ್ದಾರೆ.

ಚೆಕ್ ಡೈವ್‌ನಲ್ಲಿ ಬೇರೆ ಏನನ್ನೂ ಮಾಡಿಸದೆ ಇದೊಂದನ್ನು ಮಾಡಿಸಿದರೂ ಅದು ಸಾರ್ಥಕ ಅಂತ ನನ್ನ ಅಭಿಪ್ರಾಯ.

"ಗೈಡ್ ನಿಜವಾಗ್ಲೂ ಏನು ನೋಡ್ತಾರೆ? ಮಾಸ್ಕ್ ತೆಗೆದು ಹಾಕೋದಷ್ಟೇನಾ?"

ಒಳ್ಳೆಯ ಗೈಡ್ ಕಸರತ್ತಿಗಿಂತ ಮುಂಚೆಯೇ ಅರ್ಧ ನೋಡಿ ಮುಗಿಸಿರುತ್ತಾನೆ. ಸಿಲಿಂಡರ್ ಕಟ್ಟುವಾಗ ಕೈ ತಡಕಾಡುತ್ತದಾ, ಮಾತು ಒಮ್ಮೆಲೇ ಜಾಸ್ತಿಯಾಯಿತಾ ಅಥವಾ ನಿಂತೇಹೋಯಿತಾ. ನೀರಿನಲ್ಲಿ ಕೈ ನೋಡುತ್ತಾನೆ. ನಿರಾಳವಾಗಿರುವವನ ಕೈ ಸುಮ್ಮನಿರುತ್ತವೆ, ಗಾಬರಿಯಲ್ಲಿರುವವನು ನಾಯಿಯ ಹಾಗೆ ನೀರು ತೋಡುತ್ತಿರುತ್ತಾನೆ. ಗುಳ್ಳೆ ನೋಡುತ್ತಾನೆ. ನಿಧಾನಕ್ಕೆ ದೊಡ್ಡ ಗುಳ್ಳೆ ಬಂದರೆ ಸರಿ, ಬಿಡುವಿಲ್ಲದೆ ಪುಸುಪುಸು ಅಂದರೆ ಹತ್ತಿರ ಹೋಗುತ್ತಾನೆ. ಗಾಳಿ ಎಷ್ಟಿದೆ ಅಂತ ಸನ್ನೆಯಲ್ಲಿ ಕೇಳುತ್ತಾನೆ. ತಕ್ಷಣ ಉತ್ತರ ಬಂದರೆ ಇವನು ಆಗಲೇ ನೋಡಿಕೊಂಡಿದ್ದಾನೆ ಅಂತ. ಮೀಟರ್ ಎಲ್ಲಿದೆ ಅಂತ ಬೆನ್ನ ಹಿಂದೆ ಹುಡುಕಿದರೆ, ಆ ಗಿರಾಕಿಯ ಗಾಳಿಯನ್ನು ತಾನೇ ಎಣಿಸಬೇಕು ಅಂತ ಅವನಿಗೆ ಗೊತ್ತಾಗುತ್ತದೆ.

"ನಮ್ಮಪ್ಪಂಗೆ 58, ಬಿಪಿ ಮಾತ್ರೆ ತಗೋತಾರೆ. ಚೆಕ್ ಡೈವ್ ಪಾಸಾದ್ರೆ ತೊಂದರೆ ಇಲ್ಲ ತಾನೆ?"

ಎರಡಕ್ಕೂ ಸಂಬಂಧ ಇಲ್ಲ. ಚೆಕ್ ಡೈವ್ ಕೈಕಾಲಿನ ಕೆಲಸ ನೋಡುತ್ತದೆ, ಹೃದಯವನ್ನಲ್ಲ. ಕುತ್ತಿಗೆ ಮಟ್ಟ ನೀರಲ್ಲಿ ನಿಂತರೇ ಕಾಲಿನ ರಕ್ತ ಅರ್ಧ ಲೀಟರಿಗೂ ಹೆಚ್ಚು ಎದೆ ಕಡೆಗೆ ಬರುತ್ತದೆ, ಹೃದಯಕ್ಕೆ ಹೊರೆ. ಅದಕ್ಕೇ ಆರೋಗ್ಯದ ಪ್ರಶ್ನಾವಳಿ ಇರುವುದು. ಕೆಲವಕ್ಕೆ "ಹೌದು" ಅಂದರೆ ಡಾಕ್ಟರ ಸಹಿ ಬೇಕು. ಆ ಫಾರಂ ದೋಣಿ ಹತ್ತುವಾಗ ಕೈಗೆ ಬಂದರೆ ಎಲ್ಲರೂ ಎಲ್ಲಕ್ಕೂ "ಇಲ್ಲ" ಅಂತ ಗೀಚುತ್ತಾರೆ. ಆದ್ದರಿಂದ ಬುಕ್ ಮಾಡುವಾಗಲೇ ತರಿಸಿಕೊಳ್ಳಿ, ಅಪ್ಪನನ್ನು ಮಾಮೂಲಿ ನೋಡುವ ಡಾಕ್ಟರ ಹತ್ತಿರ ಒಯ್ಯಿರಿ. ಡೈವಿಂಗ್ ಫಾರಂ ತುಮಕೂರಿನ ಡಾಕ್ಟರಿಗೆ ಹೊಸದಿರಬಹುದು, ಅವರು ಏನೇನು ನೋಡಬೇಕು ಅನ್ನುವ ಮಾರ್ಗದರ್ಶಿಯೂ ಅದರ ಜೊತೆ ಸಿಗುತ್ತದೆ.

## ವಾದಕ್ಕೆ ಕೂತವರು

"ಎಲ್ಲರಿಗೂ ಕಡ್ಡಾಯ ಯಾಕೆ? ಲಾಗ್‌ಬುಕ್ ನೋಡಿ, ನಾಲ್ಕು ಪ್ರಶ್ನೆ ಕೇಳಿ ಬಿಡಬಹುದಲ್ಲ?"

ಇದು ಒಳ್ಳೆಯ ವಾದ. ಇದರಲ್ಲಿ ಅರ್ಧ ಒಪ್ಪುತ್ತೀನಿ. ನಿನ್ನೆ ಇನ್ನೊಂದು ಆಪರೇಟರ್ ಜೊತೆ ಇದೇ ಸಮುದ್ರದಲ್ಲಿ ಇಳಿದವನಿಗೆ ಮಾಸ್ಕ್ ಕಸರತ್ತು ಮಾಡಿಸುವುದರಲ್ಲಿ ಅರ್ಥವಿಲ್ಲ. ಆದರೆ ಲಾಗ್‌ಬುಕ್ ಎಷ್ಟು ಸಲ ಅಂತ ಹೇಳುತ್ತದೆ, ಹೇಗೆ ಅಂತ ಹೇಳುವುದಿಲ್ಲ. ಐವತ್ತು ಡೈವನ್ನೂ ಗೈಡ್ ಕೈ ಹಿಡಿದೇ ಮುಗಿಸಿದವರಿದ್ದಾರೆ.

ನನ್ನ ಕೈಗೆ ಕೊಟ್ಟರೆ ನಿಯಮ ಹೀಗೆ ಮಾಡುತ್ತೀನಿ. ಪ್ರವಾಸದ ಮೊದಲ ಡೈವ್ 12 ಮೀಟರ್ ದಾಟಬಾರದು ಮತ್ತು ತೂಕ ನೋಡಲೇಬೇಕು, ಇದು ಎಲ್ಲರಿಗೂ, ಇನ್‌ಸ್ಟ್ರಕ್ಟರ್ ಗಿರಾಕಿಯಾಗಿ ಬಂದರೆ ಅವರಿಗೂ. ಮಾಸ್ಕ್, ರೆಗ್ಯುಲೇಟರ್, ಗಾಳಿ ಹಂಚಿಕೊಳ್ಳುವ ಕಸರತ್ತು, ಆರು ತಿಂಗಳು ಇಳಿಯದವರಿಗೆ ಮತ್ತು ಇಪ್ಪತ್ತೈದು ಡೈವ್ ಆಗದವರಿಗೆ. ವರ್ಷ ದಾಟಿದವರಿಗೆ ಮೊದಲು ರಿಫ್ರೆಶರ್. "ಎಲ್ಲರಿಗೂ" ಅನ್ನುವುದರಲ್ಲಿ ಒಂದು ಅನುಕೂಲ ಇದೆ: ಇಪ್ಪತ್ತೆರಡರ ಗೈಡ್ ಐವತ್ತರ ಗಿರಾಕಿಗೆ "ನೀವು ಮಾತ್ರ ಮಾಡಿ" ಅನ್ನಬೇಕಾಗಿ ಬರುವುದಿಲ್ಲ. ನನ್ನ ಲಾಗ್‌ಬುಕ್ ಎದುರು ಆ ಹುಡುಗ ಸುಮ್ಮನಾದದ್ದು ಇದಕ್ಕೇ, ಅವನ ಬೆನ್ನಿಗೆ ನಿಯಮ ಇರಲಿಲ್ಲ.

ಮಾಲ್ಡೀವ್ಸ್‌ನಲ್ಲಿ ಸೆಳೆತ ಜೋರು. ಅಲ್ಲಿ ಬಹುತೇಕ ದೋಣಿ, ರೆಸಾರ್ಟ್‌ಗಳು ಮೊದಲ ದಿನ ಚೆಕ್ ಡೈವ್ ಇಟ್ಟೇ ಇರುತ್ತವೆ. ಯಾರೂ ಮುಖ ಸಿಂಡರಿಸುವುದಿಲ್ಲ.

"ಚೆಕ್ ಡೈವ್‌ನಿಂದ ಸಾವು ತಪ್ಪುತ್ತೆ ಅನ್ನೋಕೆ ಏನಾದ್ರೂ ಆಧಾರ ಇದೆಯಾ, ಇಲ್ಲಾ ಸುಮ್ನೆ ನಂಬಿಕೆನಾ?"

ಜನ ಯಾವುದರಿಂದ ಸಾಯುತ್ತಾರೆ ಅನ್ನುವುದನ್ನು ನೋಡೋಣ. ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಡೈವಿಂಗ್ ಸುರಕ್ಷತೆಯ ಸಂಸ್ಥೆ, ಡ್ಯಾನ್ ಅಂತಾರೆ, 1992ರಿಂದ 2003ರವರೆಗಿನ 947 ಸಾವುಗಳನ್ನು ಬಿಡಿಸಿ ನೋಡಿತ್ತು. ತೊಂದರೆ ಎಲ್ಲಿ ಶುರುವಾಯಿತು ಅಂತ ಗೊತ್ತಾದ ಪ್ರಕರಣಗಳಲ್ಲಿ 41 ಪರ್ಸೆಂಟ್ ಗಾಳಿ ಸಾಲದೆ ಶುರುವಾದವು. ಸಲಕರಣೆಯ ತೊಂದರೆಯಿಂದ ಶುರುವಾದವು 15 ಪರ್ಸೆಂಟ್ ಮಾತ್ರ. ಆಮೇಲಿನ ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಗಡಿಬಿಡಿಯಲ್ಲಿ ಮೇಲೆ ಹಾರಿದ್ದು ಇದೆ.

ಗಾಳಿ ಸುಮ್ಮಸುಮ್ಮನೆ ಮುಗಿಯುವುದಿಲ್ಲ. ಮೀಟರ್ ನೋಡದವನಿಗೆ ಮುಗಿಯುತ್ತದೆ, ತೂಕ ತಪ್ಪಿ ಒದ್ದಾಡುವವನಿಗೆ ಬೇಗ ಮುಗಿಯುತ್ತದೆ, ಪುಸುಪುಸು ಉಸಿರಾಡುವವನಿಗೆ ಇನ್ನೂ ಬೇಗ. ಈ ಮೂರೂ ಚೆಕ್ ಡೈವ್‌ನಲ್ಲಿ ಕಣ್ಣಿಗೆ ಬೀಳುತ್ತವೆ. ಅದೇ ಅಧ್ಯಯನದಲ್ಲಿ ಸುಮಾರು ಕಾಲು ಭಾಗದ ಸಾವಿಗೆ ಹೃದಯದ ತೊಂದರೆ ಕಾರಣ. ಅದನ್ನು ನಾಲ್ಕು ಮೀಟರಲ್ಲಿ ಮಾಸ್ಕ್ ತೆಗೆಸಿ ಕಂಡುಹಿಡಿಯೋಕಾಗುವುದಿಲ್ಲ. ಚೆಕ್ ಡೈವ್ ಮಾಡಿಸಿದ ಮಾತ್ರಕ್ಕೆ ಆಪರೇಟರ್ ಕೈತೊಳೆದುಕೊಳ್ಳುವ ಹಾಗಿಲ್ಲ ಅನ್ನೋದು ಇದಕ್ಕೇ.

"ಏನಾದ್ರೆ ನಾನೇ ಹೊಣೆ ಅಂತ ಸೈನ್ ಹಾಕಿರ್ತೀವಿ. ಮತ್ತೆ ಚೆಕ್ ಮಾಡೋ ಉಸಾಬರಿ ಅವರಿಗ್ಯಾಕೆ?"

ಸಹಿ ಇದೆ ಅಂದ ಮಾತ್ರಕ್ಕೆ ನಿರ್ಲಕ್ಷ್ಯದ ಪ್ರಶ್ನೆ ಮುಚ್ಚಿಹೋಗುವುದಿಲ್ಲ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೈವ್ ಆದದ್ದು ಉತ್ತರ ಕನ್ನಡದಲ್ಲಾದರೂ ಕೇಸು ತುಮಕೂರಿನ ಜಿಲ್ಲಾ ಆಯೋಗದಲ್ಲಿ ನಡೆಯಬಹುದು ಅಂತಾಯಿತು.

ಒಳಗಿನ ಮಾತು ಇನ್ನೊಂದಿದೆ. ನೋಡಿದರೆ ಗೊತ್ತಾಗುತ್ತದೆ, ಗೊತ್ತಾದ ಮೇಲೂ ಆಳಕ್ಕೆ ಕರೆದೊಯ್ದರೆ ಹೊಣೆ ಜಾಸ್ತಿ. ಅದಕ್ಕೇ ಕೆಲವರು ನೋಡುವುದೇ ಇಲ್ಲ. ಕಾರ್ಡ್ ಇತ್ತು, ಸಹಿ ಇತ್ತು, ನಮಗೇನು ಗೊತ್ತು ಅನ್ನುತ್ತಾರೆ. ಚೆಕ್ ಡೈವನ್ನು ಆಪರೇಟರ್ ಇಷ್ಟಕ್ಕೆ ಬಿಡಬಾರದು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

"ಚೆಕ್‌ನಲ್ಲಿ 'ಆಗಲ್ಲ' ಅಂದ್ರೆ ದುಡ್ಡು ವಾಪಸ್ ಕೊಡ್ತಾರಾ?"

ಒಬ್ಬೊಬ್ಬರದು ಒಂದೊಂದು ಥರ. ಮುಂಗಡ ಕಳಿಸುವ ಮುಂಚೆ ಕೇಳಿ, ಉತ್ತರ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ "ಆಗಲ್ಲ" ಅಂದರೆ ಮನೆಗೆ ಹೋಗಿ ಅಂತಲ್ಲ, ಇವತ್ತು 10 ಮೀಟರಲ್ಲೇ ಇರೋಣ ಅಂತ. ಅಂದಹಾಗೆ, ಯಾವತ್ತಾದರೂ ಯಾರಿಗಾದರೂ ಬೇಡ ಅಂದಿದ್ದೀರಾ ಅಂತಲೂ ಅವರನ್ನು ಕೇಳಿ. ಹತ್ತು ವರ್ಷದಲ್ಲಿ ಒಬ್ಬನಿಗೂ ಬೇಡ ಅನ್ನದವನ ಚೆಕ್ ಡೈವ್ ಮೇಲೆ ನನಗೆ ನಂಬಿಕೆ ಇಲ್ಲ.

"ಅವರು ನಮ್ಮನ್ನ ಚೆಕ್ ಮಾಡ್ತಾರೆ ಸರಿ. ನಾವು ಅವರನ್ನ ಚೆಕ್ ಮಾಡೋದು ಬೇಡ್ವಾ?"

ಬೇಕು, ಅದಕ್ಕೂ ಇದೇ ಡೈವ್. ರೆಗ್ಯುಲೇಟರ್ ಕಚ್ಚಿ ಮೀಟರ್ ನೋಡುತ್ತಾ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಪ್ರತಿ ಉಸಿರಿಗೂ ಕುಣಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ. ಗಾಳಿಗೆ ಎಣ್ಣೆ ವಾಸನೆ ಬಂದರೆ ಆ ಸಿಲಿಂಡರ್ ಬೇಡ ಅನ್ನಿ. ಜಾಕೆಟ್ ಪೂರ್ತಿ ಉಬ್ಬಿಸಿ ಎರಡು ನಿಮಿಷ ಬಿಡಿ, ಸೋರಿದರೆ ತಿಳಿಯುತ್ತದೆ. ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆಯಾ ಅಂತ ಕೇಳಿ, "ಇದೆ" ಅಂದರೆ ತೋರಿಸಿ ಅನ್ನಿ. ಒಬ್ಬ ಗೈಡಿಗೆ ಎಷ್ಟು ಗಿರಾಕಿ ಅಂತ ಎಣಿಸಿ. ಬಾಡಿಗೆ ಸಾಮಾನು ಕೊಡುವಾಗ ಅವಸರ ಮಾಡುವವನು ಮಿಕ್ಕಿದ್ದರಲ್ಲೂ ಅವಸರದವನೇ.

"ಚೆಕ್ ಡೈವ್ ಬರೀ ಐದಾರು ಮೀಟರ್. ಅದು ಮುಗಿಸಿ, ಇನ್ನೊಂದು ಡೈವ್ ಮಾಡಿ, ಅದೇ ಸಂಜೆ ಬಸ್ ಹತ್ತಬಹುದು ತಾನೆ?"

ಇದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಕೇಳಲೇಬೇಕು, ಕೇಳುವವರು ಕಡಿಮೆ. ಚೆಕ್ ಡೈವೂ ಡೈವೇ, ಲೆಕ್ಕಕ್ಕೆ ಬರುತ್ತದೆ. ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿ ತೆರೆದ ಹಾಗೆ ಅದು ಗುಳ್ಳೆಯಾಗಬಹುದು.

ಎತ್ತರ ಅಂದರೆ ವಿಮಾನ ಅಂತಲೇ ಎಲ್ಲರ ತಲೆಯಲ್ಲಿರುತ್ತದೆ. ಡ್ಯಾನ್‌ನ ಕಾಯುವ ಸೂಚನೆ ಇರುವುದು ಕ್ಯಾಬಿನ್ ಒತ್ತಡ 2,000ದಿಂದ 8,000 ಅಡಿಯ ಎತ್ತರಕ್ಕೆ ಸಮನಾಗಿರುವ ವಿಮಾನಗಳಿಗೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18. ನಮ್ಮ ತುಮಕೂರು ಸುಮಾರು 2,700 ಅಡಿ ಎತ್ತರದಲ್ಲಿದೆ, ಕೋಲಾರವೂ ಹೆಚ್ಚುಕಡಿಮೆ ಅಷ್ಟೇ, ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಮೇಲೆ. ಅಂದರೆ ನಮ್ಮ ಮನೆಯೇ ಆ ಪಟ್ಟಿಯೊಳಗಿದೆ. ಸಂಜೆ ಹೊನ್ನಾವರದಿಂದ ಘಾಟಿ ಹತ್ತಿ ಸಾಗರ ಸೇರುವಷ್ಟರಲ್ಲೇ 500 ಮೀಟರ್ ದಾಟಿರುತ್ತೀರಿ.

ಮಧ್ಯಾಹ್ನ 12ಕ್ಕೆ ಎರಡನೇ ಡೈವ್ ಮುಗಿದರೆ ನಾನು ಲೆಕ್ಕ ಹಾಕುವುದು ಮಾರನೇ ಬೆಳಗ್ಗೆ 6 ಗಂಟೆ. ರಾತ್ರಿ ಮುರುಡೇಶ್ವರದಲ್ಲೇ ರೂಮು. ಅಂಗಡಿ ಇನ್ನೊಂದು ದಿನ ಮುಚ್ಚಿರುತ್ತದೆ, ಮೋಟರ್ ಕೊಟ್ಟವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ನಾಳಿದ್ದು ಬನ್ನಿ ಅಂತೀನಿ.